ಮಾಗಿ ಚಳಿಯಲ್ಲಿ ಬೀಜ ಮೊಳೆಸಲು ಸಣ್ಣ ಹೀಟೆಡ್ ಪ್ರೊಪಗೇಟರ್: ಯಾವುದು ತಗೊಳ್ಳಲಿ? (ಚಿಕ್ಕಮಗಳೂರು)

ಕೈತೋಟ_ಚಿಕ್ಕಮಗಳೂರು:

ಎಲ್ಲರಿಗೂ ನಮಸ್ಕಾರ. ಡಿಸೆಂಬರ್ ಕೊನೆಯಿಂದ ಜನವರಿ ಮಧ್ಯದೊಳಗೆ ಮನೆಯಲ್ಲೇ ಬಿತ್ತಿ, ಶಿವರಾತ್ರಿ ಹೊತ್ತಿಗೆ ಸಸಿ ನೆಡುವ ಲೆಕ್ಕ. ದಪ್ಪ ಮೆಣಸಿನಕಾಯಿ, ಅರ್ಕಾ ರಕ್ಷಕ್ ಟೊಮೆಟೊ, ಜೀರಿಗೆ ಮೆಣಸು, ಸ್ವಲ್ಪ ಪೆಟೂನಿಯಾ. 98 ಗುಳಿಯ ಒಂದು ಪ್ರೋಟ್ರೇ (ಸಸಿ ಎಬ್ಬಿಸುವ ಗುಳಿ ಟ್ರೇ) ಸಾಕು, ಹೆಚ್ಚೆಂದರೆ ಎರಡು. ಜಾಗ ಅಡುಗೆಮನೆಯ ಕಡಪಾ ಕಲ್ಲಿನ ಕಟ್ಟೆ, ಪಕ್ಕದಲ್ಲಿ ಪೂರ್ವದ ಕಿಟಕಿ. ಬೆಳಗಿನ ಜಾವ ಮನೆಯೊಳಗೇ 16 ಡಿಗ್ರಿ ಇರುತ್ತದೆ, ಮಧ್ಯಾಹ್ನ 25ಕ್ಕೆ ಏರುತ್ತದೆ.

ಆನ್‌ಲೈನಿನಲ್ಲಿ ಬೀಜಕ್ಕೆ ಅಡಿಯಿಂದ ಕಾವು ಕೊಡುವ ಪ್ರೊಪಗೇಟರ್ ಮೂರು ಥರ ಕಾಣುತ್ತಿವೆ: ಮುಚ್ಚಳವಿರುವ ಬಿಸಿ ಟ್ರೇ, ಬರೀ ಹೀಟ್ ಮ್ಯಾಟ್, ಥರ್ಮೋಸ್ಟ್ಯಾಟ್ (ಉಷ್ಣಾಂಶ ನೋಡಿ ತಾನಾಗಿ ಆನ್-ಆಫ್ ಮಾಡುವ ಸಾಧನ) ಇರುವ ದುಬಾರಿ ಸೆಟ್. ಯಾವುದು ಸರಿ? ಥರ್ಮೋಸ್ಟ್ಯಾಟ್ ಬೇಕೇ ಬೇಕೆ? ಎಷ್ಟು ವ್ಯಾಟ್ ಇರಬೇಕು? ರಾತ್ರಿ ಕರೆಂಟು ಹೋದರೆ ಬೀಜ ಹಾಳಾಗುತ್ತದೆಯೇ?

ಸಸಿಮಡಿ:

ಸರ್, ಮೊದಲು ಬೀಜಕ್ಕೆ ಏನು ಬೇಕು ಅಂತ ನೋಡೋಣ, ಆಮೇಲೆ ಪೆಟ್ಟಿಗೆ.

ಮೆಣಸಿನ ಜಾತಿಯ ಬೀಜ 15 ಡಿಗ್ರಿಯಲ್ಲಿ ಮೇಲೇಳಲು ಸುಮಾರು 25 ದಿನ ತೆಗೆದುಕೊಳ್ಳುತ್ತದೆ. 20ರಲ್ಲಿ 12-13 ದಿನ, 25ರಲ್ಲಿ 8 ದಿನ. 30ಕ್ಕೆ ಏರಿಸಿದರೂ 7-8 ದಿನವೇ, ದೊಡ್ಡ ಲಾಭವಿಲ್ಲ. 35 ದಾಟಿದರೆ ಮತ್ತೆ ನಿಧಾನವಾಗುತ್ತದೆ, 40ರಲ್ಲಿ ಏಳುವುದೇ ಇಲ್ಲ. ಟೊಮೆಟೊ 15 ಡಿಗ್ರಿಯಲ್ಲಿ 14 ದಿನ, 20ರಲ್ಲಿ 8, 25ರಲ್ಲಿ 6. ಇದೆಲ್ಲ ಬೀಜ ಕೂತಿರುವ ಆಳದಲ್ಲಿ, ಅಂದರೆ ಕೊಕೊಪೀಟ್‌ನ (ತೆಂಗಿನ ನಾರಿನ ಪುಡಿ) ಒಳಗಿನ ಉಷ್ಣಾಂಶ. ಗೋಡೆಗೆ ನೇತುಹಾಕಿದ ಥರ್ಮಾಮೀಟರಿನ ಲೆಕ್ಕವಲ್ಲ. ಒದ್ದೆ ಕೊಕೊಪೀಟ್‌ನಿಂದ ನೀರು ಆವಿಯಾಗುತ್ತಲೇ ಇರುವುದರಿಂದ ಅದು ಕೋಣೆಗಿಂತ ಒಂದೆರಡು ಡಿಗ್ರಿ ತಣ್ಣಗೇ ಇರುತ್ತದೆ. ನಿಮ್ಮ ಕೋಣೆ 16 ತೋರಿಸುವಾಗ ಬೀಜ 14-15ರಲ್ಲಿ ಕೂತಿದೆ ಅಂತ ತಿಳಿಯಿರಿ.

ಅಂದರೆ ನಿಮಗೆ ಬೇಕಾಗಿರುವುದು ಸುಮಾರು 10 ಡಿಗ್ರಿ ಏರಿಕೆ, ಅದೂ ವರ್ಷಕ್ಕೆ ಹೆಚ್ಚೆಂದರೆ ಎರಡು ತಿಂಗಳು. ಶಿವರಾತ್ರಿಗೆ ಚಳಿ ಶಿವಶಿವಾ ಅಂತ ಹೋದ ಮೇಲೆ ಈ ಸಾಮಾನು ಸಜ್ಜಾ ಮೇಲೆ ಕೂರುತ್ತದೆ. ಚಳಿ ದೇಶಗಳವರು ಕೊಳ್ಳುವ ದೊಡ್ಡ, ಎತ್ತರ ಗಾಜಿನ ಪೆಟ್ಟಿಗೆ ನಮಗೆ ಬೇಡ. ಅವರು ಸಸಿಯನ್ನೂ ವಾರಗಟ್ಟಲೆ ಒಳಗೇ ಬೆಚ್ಚಗೆ ಸಾಕಬೇಕು. ನಮ್ಮಲ್ಲಿ ಬೀಜಕ್ಕೆ ಕಾವು ಬೇಕು, ಸಸಿಗೆ ಬೇಡ.

ಮುಚ್ಚಳವಿರುವ ಸಾಮಾನ್ಯ ಬಿಸಿ ಟ್ರೇಗಳಲ್ಲಿ ಹೆಚ್ಚಿನವಕ್ಕೆ ಥರ್ಮೋಸ್ಟ್ಯಾಟ್ ಇರುವುದಿಲ್ಲ. ಕೋಣೆಗಿಂತ 8-10 ಡಿಗ್ರಿ ಏರಿಸುತ್ತವೆ, ಅಷ್ಟೇ. ಬೆಳಗಿನ ಜಾವ 16ಕ್ಕೆ 10 ಸೇರಿ 26 ಆದಾಗ ಸರಿ. ಮಧ್ಯಾಹ್ನ 25ಕ್ಕೆ 10 ಸೇರಿದರೆ 35. ಮುಚ್ಚಳದ ಮೇಲೆ ಕಿಟಕಿ ಬಿಸಿಲು ಬಿದ್ದರೆ ಇನ್ನೂ ಮೇಲೆ. ನಮ್ಮ ಚಳಿಗಾಲದಲ್ಲಿ ಹಗಲು-ರಾತ್ರಿಯ ಅಂತರ ಜಾಸ್ತಿ ಇರುವುದರಿಂದಲೇ ಥರ್ಮೋಸ್ಟ್ಯಾಟ್ ಬೇಕು. ಇಡೀ ದಿನ ಒಂದೇ ಸಮ ತಣ್ಣಗಿರುವ ಊರಾಗಿದ್ದರೆ ಇಲ್ಲದೆಯೂ ನಡೆಯುತ್ತಿತ್ತು.

ಇನ್ನೊಂದು ತೊಂದರೆ ಅಳತೆಯದ್ದು. 98 ಗುಳಿಯ ಪ್ರೋಟ್ರೇ ಸುಮಾರು 54 ಸೆಂ.ಮೀ. ಉದ್ದ, 28 ಸೆಂ.ಮೀ. ಅಗಲ. ಚಿತ್ರದಲ್ಲಿ ದೊಡ್ಡದಾಗಿ ಕಾಣುವ ಪೆಟ್ಟಿಗೆಗಳ ಒಳ ಅಳತೆ ಎಷ್ಟೋ ಸಲ 38 ಸೆಂ.ಮೀ. ಮಾತ್ರ ಇರುತ್ತದೆ. ಹೊರ ಅಳತೆ ನೋಡಿ ಕೊಳ್ಳಬೇಡಿ, ತಳದ ಒಳ ಅಳತೆ ಕೇಳಿ. ಬರೀ ಮ್ಯಾಟ್ ಆದರೆ 25 × 50 ಸೆಂ.ಮೀ. ಹತ್ತಿರದ್ದು ಪ್ರೋಟ್ರೇ ಕೆಳಗೆ ಚೆನ್ನಾಗಿ ಕೂರುತ್ತದೆ.

ನನ್ನ ಮಾತು: 20 ವ್ಯಾಟ್ ಆಸುಪಾಸಿನ ನೀರು ತಡೆಯುವ ಮ್ಯಾಟ್ ಒಂದು, ಬೇರೆಯಾಗಿ ಥರ್ಮೋಸ್ಟ್ಯಾಟ್ ಒಂದು, ಮುಚ್ಚಲು ಪಾರದರ್ಶಕ ಪ್ಲಾಸ್ಟಿಕ್ ಡಬ್ಬವೋ ಹಾಳೆಯೋ ಒಂದು. ರೆಡಿ ಸೆಟ್‌ಗಿಂತ ಕಡಿಮೆಗೆ ಆಗುತ್ತದೆ, ಕೆಟ್ಟರೆ ಒಂದು ಭಾಗ ಮಾತ್ರ ಬದಲಿಸಬಹುದು. ಎರಡು ಮ್ಯಾಟಿಗೂ ಒಂದೇ ಥರ್ಮೋಸ್ಟ್ಯಾಟ್ ಸಾಕು.

ಇನ್ನು ಬಿತ್ತುವಾಗ ಒಂದು ವಿಷಯ. ಟೊಮೆಟೊ ಆರನೇ ದಿನಕ್ಕೆ ಏಳುತ್ತದೆ, ದಪ್ಪ ಮೆಣಸು 8-10 ದಿನ, ಜೀರಿಗೆ ಮೆಣಸು ಎರಡರಿಂದ ನಾಲ್ಕು ವಾರ, ಅದೂ ಒಂದೊಂದಾಗಿ. ಎಲ್ಲವನ್ನೂ ಒಂದೇ ಟ್ರೇಯಲ್ಲಿ ಬಿತ್ತಿದರೆ ಎದ್ದದ್ದನ್ನು ತೆಗೆಯುವ ಹಾಗಿಲ್ಲ, ಏಳದ್ದನ್ನು ಬಿಡುವ ಹಾಗಿಲ್ಲ. 98 ಗುಳಿ ಅಂದರೆ 7 × 14 ಸಾಲು. ಗಟ್ಟಿ ಕತ್ತರಿಯಲ್ಲಿ ಅಡ್ಡಕ್ಕೆ ಮೂರು ತುಂಡು ಮಾಡಿ, ಒಂದೊಂದು ತುಂಡಿಗೆ ಒಂದೊಂದು ಬೆಳೆ ಹಾಕಿ. ಎದ್ದ ತುಂಡನ್ನು ಮಾತ್ರ ಮ್ಯಾಟ್ ಮೇಲಿಂದ ಎತ್ತಬಹುದು.

ಎಲೆಕೋಸು, ಹೂಕೋಸಿಗೆ ಈ ಕಾವು ಬೇಕಿಲ್ಲ, 15-20 ಡಿಗ್ರಿಯಲ್ಲೇ 6ರಿಂದ 9 ದಿನದಲ್ಲಿ ಬರುತ್ತವೆ. ಲೆಟ್ಯೂಸ್ ಅಂತೂ ಮ್ಯಾಟ್ ಮೇಲೆ ಇಡಲೇಬಾರದು. ಬಿಸಿ ಹೆಚ್ಚಾದರೆ ಅದರ ಬೀಜ ಮಲಗಿಬಿಡುತ್ತದೆ.

ತಂತಿ_ಕೆಲಸ:

ಮೇಲಿನವರ ಮಾತಿಗೆ ವಿದ್ಯುತ್ ಕಡೆಯದ್ದು ಸೇರಿಸುತ್ತೇನೆ.

ಮ್ಯಾಟ್ ಕೊಳ್ಳುವಾಗ ಮೊದಲು ವೋಲ್ಟೇಜ್ ಓದಿ. ಅಮೆರಿಕದ ಮಾರುಕಟ್ಟೆಗೆ ಮಾಡಿದ 120 ವೋಲ್ಟ್ ಮ್ಯಾಟ್‌ಗಳೂ ಇಲ್ಲಿ ಆನ್‌ಲೈನಿನಲ್ಲಿ ಸಿಗುತ್ತವೆ. ಅದಕ್ಕೆ ನಮ್ಮ 230 ಕೊಟ್ಟರೆ ವ್ಯಾಟ್ ಸುಮಾರು 3.7 ಪಟ್ಟು ಏರುತ್ತದೆ, 20 ವ್ಯಾಟಿನದು 73 ವ್ಯಾಟ್ ಎಳೆಯುತ್ತದೆ. ಮ್ಯಾಟ್ ಸುಡುತ್ತದೆ, ಕೆಳಗಿನ ಥರ್ಮೋಕೋಲ್ ಕರಗುತ್ತದೆ. ಪ್ಲಗ್ ಕನ್ವರ್ಟರ್ ಹಾಕಿದ ಮಾತ್ರಕ್ಕೆ ವೋಲ್ಟೇಜ್ ಇಳಿಯುವುದಿಲ್ಲ, ಅದು ಪಿನ್ನಿನ ಆಕಾರ ಮಾತ್ರ ಬದಲಿಸುತ್ತದೆ. ಮ್ಯಾಟಿನ ಮೇಲೇ 220-240 ವೋಲ್ಟ್ ಅಂತ ಅಚ್ಚಾಗಿರಬೇಕು. ನೀರು ತಡೆಯುವ ಗುರುತು ಐಪಿ67 ಇದ್ದರೆ ಒಳ್ಳೆಯದು.

20 ವ್ಯಾಟ್ ಸಾಕೇ ಅನ್ನುವ ಲೆಕ್ಕ ಹೀಗೆ. ಪ್ರೋಟ್ರೇಯ ಮೈ 0.15 ಚದರ ಮೀಟರ್. 10 ಡಿಗ್ರಿ ಏರಿಕೆಗೆ ಮೇಲಿನಿಂದ ಸುಮಾರು 10 ವ್ಯಾಟ್ ಹೋಗುತ್ತದೆ, ತೆರೆದಿಟ್ಟರೆ ಆವಿಯಲ್ಲಿ ಇನ್ನೊಂದು 4 ವ್ಯಾಟ್, ಅಡಿಯಲ್ಲಿ ಒಂದು ಇಂಚು ಥರ್ಮೋಕೋಲ್ ಇದ್ದರೆ 2 ವ್ಯಾಟ್. ಮುಚ್ಚಿಟ್ಟರೆ 20 ವ್ಯಾಟಿಗೆ ಕೈಯಲ್ಲಿ ಸ್ವಲ್ಪ ಉಳಿಯುತ್ತದೆ. ಆದರೆ ಕಡಪಾ ಕಲ್ಲಿನ ಮೇಲೆ ನೇರ ಇಟ್ಟರೆ ಕಲ್ಲು ಕಾವನ್ನೆಲ್ಲ ಎಳೆದುಕೊಂಡು ಐದಾರು ಡಿಗ್ರಿಗೇ ನಿಲ್ಲಿಸಿಬಿಡುತ್ತದೆ. "ಮ್ಯಾಟ್ ಬಿಸಿಯೇ ಆಗುತ್ತಿಲ್ಲ" ಅಂತ ವಾಪಸ್ ಕಳಿಸುವ ಮುನ್ನ ಅಡಿಯಲ್ಲಿ ಥರ್ಮೋಕೋಲ್ ಹಾಕಿ ನೋಡಬೇಕು. ಟಿವಿ, ಮಿಕ್ಸಿ ಪ್ಯಾಕಿನಲ್ಲಿ ಬರುವ ಹಲಗೆಯೇ ಸಾಕು.

ಕೆಳಗಿನಿಂದ ಮೇಲಕ್ಕೆ ಜೋಡಣೆ: ಥರ್ಮೋಕೋಲ್, ಮ್ಯಾಟ್, ತೆಳುವಾದ ಸ್ಟೀಲ್ ಇಲ್ಲವೇ ಅಲ್ಯೂಮಿನಿಯಂ ತಗಡು, ತೂತಿಲ್ಲದ ಅಡಿ ಟ್ರೇ, ಅದರೊಳಗೆ ಪ್ರೋಟ್ರೇ. ತಗಡು ಬೇಕೇ ಅಂದರೆ, ಮ್ಯಾಟಿನ ನಡುವೆ ಹೆಚ್ಚು ಕಾವು, ಮೂಲೆಯಲ್ಲಿ ಕಡಿಮೆ ಇರುತ್ತದೆ. ತಗಡು ಅದನ್ನು ಹರಡುತ್ತದೆ. ತಗಡು ಸಿಗದಿದ್ದರೆ ದಿನಕ್ಕೊಮ್ಮೆ ಟ್ರೇ ತಿರುಗಿಸಿಡಿ.

ಥರ್ಮೋಸ್ಟ್ಯಾಟ್ ಹುಡುಕುವಾಗ "ಪ್ರೊಪಗೇಟರ್" ಅಂತ ಹುಡುಕಬೇಡಿ, ಬೆಲೆ ಏರುತ್ತದೆ. ಮೊಟ್ಟೆಗೆ ಕಾವು ಕೊಡುವ ಇನ್‌ಕ್ಯುಬೇಟರ್ ಕಂಟ್ರೋಲರ್ ಅಂತ ಹುಡುಕಿ. ಡಬ್ಲ್ಯು3001 ಮತ್ತು ಎಸ್‌ಟಿಸಿ-1000 ಎರಡೂ ಆಗುತ್ತವೆ. ಡಬ್ಲ್ಯು3001ಕ್ಕೆ ವೈರ್ ಮೊದಲೇ ಬಂದಿರುತ್ತದೆ, ಆದರೆ 12 ವೋಲ್ಟ್, 24 ವೋಲ್ಟ್, 220 ವೋಲ್ಟ್ ಮೂರೂ ಒಂದೇ ಮುಖದಲ್ಲಿ ಸಿಗುವುದರಿಂದ ಲೇಬಲ್ ನೋಡಿ. ಎಸ್‌ಟಿಸಿ-1000ದಲ್ಲಿ ಹಿಂದೆ ಎಂಟು ಟರ್ಮಿನಲ್: 1-2 ಕರೆಂಟು, 3-4 ಸೆನ್ಸರ್, 5-6 ಹೀಟಿಂಗ್, 7-8 ಕೂಲಿಂಗ್. 5-6 ಬರೀ ಸ್ವಿಚ್ ಇದ್ದ ಹಾಗೆ, ತಾನಾಗಿ ಕರೆಂಟು ಕೊಡುವುದಿಲ್ಲ. ಫೇಸ್ ವೈರನ್ನು 5ಕ್ಕೆ ಕೊಟ್ಟು 6ರಿಂದ ಮ್ಯಾಟಿಗೆ ಒಯ್ಯಬೇಕು, ನ್ಯೂಟ್ರಲ್ ನೇರ ಹೋಗಬೇಕು. ಈ ಕೆಲಸ ಗೊತ್ತಿಲ್ಲದಿದ್ದರೆ ಎಲೆಕ್ಟ್ರಿಷಿಯನ್ ಕೈಯಲ್ಲಿ ಮುಚ್ಚಿದ ಪ್ಲಾಸ್ಟಿಕ್ ಬಾಕ್ಸಿನೊಳಗೆ ಮಾಡಿಸಿ. ಟರ್ಮಿನಲ್ ತೆರೆದಿಟ್ಟ ಸಾಮಾನು ನೀರಿನ ಹತ್ತಿರ ಇರಕೂಡದು.

ಎಸ್‌ಟಿಸಿ-1000ದ ಸೆಟ್ಟಿಂಗ್: ಎಫ್1 (ಬೇಕಾದ ಉಷ್ಣಾಂಶ) 28, ಎಫ್2 (ವ್ಯತ್ಯಾಸ) 1.0. ಅಂದರೆ 27ಕ್ಕೆ ಆನ್, 28ಕ್ಕೆ ಆಫ್. ಆಫ್ ಆದ ಮೇಲೂ ಮ್ಯಾಟಿನಲ್ಲಿ ಉಳಿದ ಕಾವಿನಿಂದ ಒಂದು ಡಿಗ್ರಿ ಏರುವುದು ಸಹಜ.

ಇಡೀ ಕೆಲಸ ಕೆಡುವುದು ಸೆನ್ಸರ್ ಇಡುವ ಜಾಗದಲ್ಲಿ. ಮ್ಯಾಟಿಗೆ ಅಂಟಿಸಿದರೆ ಮ್ಯಾಟ್ 28 ಆದ ಕೂಡಲೇ ಆಫ್ ಆಗುತ್ತದೆ, ಬೀಜ 22ರಲ್ಲೇ ಉಳಿಯುತ್ತದೆ. ಗಾಳಿಯಲ್ಲಿ ಬಿಟ್ಟರೆ ಉಲ್ಟಾ: ಗಾಳಿ 28 ಆಗುವುದೇ ಇಲ್ಲ, ಮ್ಯಾಟ್ ಆಫ್ ಆಗದೆ ಉರಿದು ಮಧ್ಯಾಹ್ನದ ಹೊತ್ತಿಗೆ ಬೀಜ ಬೇಯುತ್ತದೆ. ನೀರು ಹಾಕುವಾಗ ವೈರ್ ತಗುಲಿ ಸೆನ್ಸರ್ ಹೊರಬಿದ್ದರೂ ಇದೇ ಗತಿ. ನಡುವಿನ ಒಂದು ಗುಳಿಗೆ ಬೀಜ ಹಾಕದೆ, ಅದರಲ್ಲಿ ಸೆನ್ಸರ್ ತುದಿಯನ್ನು ಒಂದು ಸೆಂ.ಮೀ. ಆಳಕ್ಕೆ ಹೂತು, ವೈರನ್ನು ಟ್ರೇ ಅಂಚಿಗೆ ದಾರದಲ್ಲಿ ಕಟ್ಟಿ.

ಸೆನ್ಸರ್ ಸರಿ ತೋರಿಸುತ್ತಿದೆಯೇ ಅಂತ ಬಿತ್ತುವ ಮೊದಲೇ ನೋಡಿ. ಲೋಟದಲ್ಲಿ 36-37 ಡಿಗ್ರಿಯ ಉಗುರುಬೆಚ್ಚನೆ ನೀರು, ಅದರೊಳಗೆ ಸೆನ್ಸರ್ ಮತ್ತು ಜ್ವರ ನೋಡುವ ಡಿಜಿಟಲ್ ಥರ್ಮಾಮೀಟರ್ ಒಟ್ಟಿಗೆ. ಫ್ಯಾರನ್‌ಹೀಟ್ ತೋರಿಸಿದರೆ 98.6 ಅಂದರೆ 37. ಒಂದೆರಡು ಡಿಗ್ರಿ ವ್ಯತ್ಯಾಸ ಬಂದರೆ ಎಫ್4ರಲ್ಲಿ ಸರಿಪಡಿಸಬಹುದು.

ಬೋರ್ಡಿನಲ್ಲಿ 30 ಮಿಲಿ ಆಂಪಿಯರ್ ಆರ್‌ಸಿಸಿಬಿ (ಕರೆಂಟು ಸೋರಿದರೆ ತಾನಾಗಿ ಆಫ್ ಆಗುವ ಸ್ವಿಚ್) ಇರಲಿ. ವೈರ್ ಒಮ್ಮೆ ಕೆಳಗೆ ಜೋತುಬಿದ್ದು ಆಮೇಲೆ ಪ್ಲಗ್ಗಿಗೆ ಏರುವ ಹಾಗೆ ಇಡಿ, ವೈರ್ ಹಿಡಿದು ಇಳಿಯುವ ನೀರು ಪ್ಲಗ್ ತಲುಪದೆ ಅಲ್ಲೇ ತೊಟ್ಟಿಕ್ಕುತ್ತದೆ. ಖರ್ಚು: 20 ವ್ಯಾಟ್ ದಿನವಿಡೀ ಉರಿದರೂ 0.48 ಯೂನಿಟ್, ಹದಿನೈದು ದಿನಕ್ಕೆ 7.2 ಯೂನಿಟ್ ಅಷ್ಟೇ. ಥರ್ಮೋಸ್ಟ್ಯಾಟ್ ಇದ್ದರೆ ಇನ್ನೂ ಕಡಿಮೆ.

ಕೈತೋಟ_ಚಿಕ್ಕಮಗಳೂರು:

ಇಬ್ಬರಿಗೂ ಧನ್ಯವಾದ ಸರ್. ಟ್ರೇ ಕತ್ತರಿಸುವ ಉಪಾಯ ಹೊಳೆದೇ ಇರಲಿಲ್ಲ. ಕರೆಂಟಿನ ಪ್ರಶ್ನೆ ಉಳಿಯಿತು. ರಾತ್ರಿ ಒಂದೆರಡು ಗಂಟೆ ಹೋಗುವುದಿದೆ. ಇನ್ನೊಂದು, ಇಲ್ಲಿನ ಅಂಗಡಿಗಳಲ್ಲಿ ಹೀಟ್ ಮ್ಯಾಟ್ ಕೇಳಿದರೆ ಸೊಂಟನೋವಿನ ಮ್ಯಾಟ್ ತೋರಿಸುತ್ತಾರೆ, ಅದು ಆಗುತ್ತದೆಯೇ? ಮೀನಿನ ತೊಟ್ಟಿಯ ಹೀಟರ್ ಬಳಸಬಹುದೆಂದೂ ಒಬ್ಬರು ಹೇಳಿದರು.

ತಂತಿ_ಕೆಲಸ:

ಸೊಂಟನೋವಿನ ಮ್ಯಾಟ್ ಬೇಡ. ಅದರ ಹೊದಿಕೆ ಬಟ್ಟೆ, ನೀರು ತಡೆಯುವುದಿಲ್ಲ. ಎಷ್ಟೋ ಮ್ಯಾಟ್‌ಗಳು ಒಂದೆರಡು ಗಂಟೆಗೆ ತಾವಾಗಿ ಆಫ್ ಆಗುತ್ತವೆ, ವಾರಗಟ್ಟಲೆ ಉರಿಯಲು ಮಾಡಿದವಲ್ಲ.

ಕರೆಂಟು ಹೋದರೆ, ಬರೀ ಪ್ರೋಟ್ರೇಯಲ್ಲಿ ಕಾವು ಹಿಡಿದಿಡುವ ಸಾಮಾನು ಕಡಿಮೆ. ಮುಚ್ಚಿಟ್ಟಿದ್ದರೂ ಒಂದು ಗಂಟೆಯಲ್ಲಿ ಏರಿದ ಕಾವಿನ ಅರ್ಧಕ್ಕಿಂತ ಹೆಚ್ಚು ಇಳಿಯುತ್ತದೆ. ಅಡಿ ಟ್ರೇಯಲ್ಲಿ ಒಂದು ಇಂಚು ಒದ್ದೆ ಮರಳು ಹಾಸಿ ಅದರ ಮೇಲೆ ಪ್ರೋಟ್ರೇ ಇಟ್ಟರೆ ಇಳಿಯುವುದು ಎರಡು-ಮೂರು ಪಟ್ಟು ನಿಧಾನವಾಗುತ್ತದೆ. ಮೇಲೆ ಕಂಬಳಿ ಹೊದಿಸಿದರೆ ಇನ್ನೂ ಒಳ್ಳೆಯದು. ಒಂದೆರಡು ಗಂಟೆ ತಣ್ಣಗಾದ ಮಾತ್ರಕ್ಕೆ ಬೀಜ ಸಾಯುವುದಿಲ್ಲ, ಮೊಳಕೆ ಅಷ್ಟು ಹೊತ್ತು ತಡವಾಗುತ್ತದೆ ಅಷ್ಟೇ. ಬೀಜ ಸಾಯುವುದು ಬಿಸಿ ಮಿತಿಮೀರಿದಾಗ ಮತ್ತು ಒಮ್ಮೆ ನೀರು ಹೀರಿ ಆಮೇಲೆ ಒಣಗಿದಾಗ.

ಮೂಡಿಗೆರೆ_ಹಿತ್ತಲು:

ಮೀನಿನ ಹೀಟರ್ ಚೆನ್ನಾಗಿಯೇ ಕೆಲಸ ಮಾಡುತ್ತದೆ. ಕರೆಂಟು ಹೋಗುವ ಕಡೆ ಮ್ಯಾಟಿಗಿಂತ ಇದೇ ಮೇಲು ಅನ್ನುತ್ತೇನೆ. ಮೀನು ಮಾರುವ ಅಂಗಡಿಗಳಲ್ಲಿ 50 ವ್ಯಾಟಿನದು ಸಿಗುತ್ತದೆ, ಥರ್ಮೋಸ್ಟ್ಯಾಟ್ ಅದರೊಳಗೇ ಇರುತ್ತದೆ.

ಬೇಕಾದ್ದು: 60 × 40 ಸೆಂ.ಮೀ. ಆಸುಪಾಸಿನ, ತೂತಿಲ್ಲದ ಪ್ಲಾಸ್ಟಿಕ್ ಕ್ರೇಟ್ ಇಲ್ಲವೇ ಮುಚ್ಚಳದ ಡಬ್ಬ. ಅದರೊಳಗೆ 15 ಲೀಟರ್ ನೀರು, ಆರೇಳು ಸೆಂ.ಮೀ. ಎತ್ತರ ಬರುತ್ತದೆ. ಹೀಟರನ್ನು ರಬ್ಬರ್ ಹಿಡಿಕೆಯಿಂದ ಬದಿಗೆ ಅಡ್ಡಲಾಗಿ, ಪೂರ್ತಿ ಮುಳುಗುವ ಹಾಗೆ ಅಂಟಿಸಿ. ಅಡ್ಡ ಮಲಗಿಸಬಹುದೇ ಅಂತ ಅದರ ಮೇಲಿನ ಸೂಚನೆ ನೋಡಿಕೊಳ್ಳಿ, ಕೆಲವನ್ನು ನೆಟ್ಟಗೆ ಮಾತ್ರ ಇಡಬೇಕು. ಅಂಥದ್ದಾದರೆ ಇನ್ನೂ ಆಳದ ಡಬ್ಬ ಬೇಕು. ನೀರಿನ ಮಟ್ಟಕ್ಕೆ ಬರುವಂತೆ ನಾಲ್ಕು ಮೂಲೆಗೆ ಇಟ್ಟಿಗೆ ತುಂಡು, ಅದರ ಮೇಲೆ ತೂತಿಲ್ಲದ ತಗ್ಗಿನ ಟ್ರೇ. ಟ್ರೇಯ ಅಡಿ ನೀರಿಗೆ ತಾಗಿದ್ದರೆ ಕಾವು ನೇರ ಸಿಗುತ್ತದೆ. ಅದರೊಳಗೆ ಪ್ರೋಟ್ರೇ. ಡಬ್ಬದ ಹೊರಸುತ್ತಿಗೂ ಅಡಿಗೂ ಥರ್ಮೋಕೋಲ್.

ನೀರು ಕಾವನ್ನು ಹಿಡಿದಿಡುವಷ್ಟು ಮರಳು ಹಿಡಿದಿಡುವುದಿಲ್ಲ. 15 ಲೀಟರ್ ನೀರು 28ರಲ್ಲಿದ್ದಾಗ ಕರೆಂಟು ಹೋಗಿ ಎರಡು ಗಂಟೆಯಾದರೂ ಮುಚ್ಚಿಟ್ಟ ಡಬ್ಬದಲ್ಲಿ ಇಳಿಯುವುದು ಮೂರು ಡಿಗ್ರಿ ಆಸುಪಾಸು. ಮಧ್ಯಾಹ್ನದ ಏರಿಕೆಯನ್ನೂ ಅದೇ ನೀರು ತಡೆಯುತ್ತದೆ. ಹೀಟರನ್ನು 30ಕ್ಕೆ ಇಟ್ಟರೆ ಬೀಜದ ಮಟ್ಟದಲ್ಲಿ 27-28 ಸಿಗುತ್ತದೆ. ಡಯಲ್ ಮೇಲಿನ ಅಂಕಿ ನಂಬಬೇಡಿ, ಕೊಕೊಪೀಟ್‌ಗೆ ಥರ್ಮಾಮೀಟರ್ ಚುಚ್ಚಿ ನೋಡಿ ಹೊಂದಿಸಿ.

ಎಚ್ಚರ ಎರಡು. ಗಾಜಿನ ಹೀಟರ್ ಉರಿಯುತ್ತಿರುವಾಗ ನೀರಿನ ಮಟ್ಟ ಇಳಿದು ಗಾಜು ಹೊರಗೆ ಬಂದರೆ ಅದು ಬಿರುಕು ಬಿಡುತ್ತದೆ, ಆ ನೀರಿಗೆ ಕರೆಂಟು ಹರಿಯುತ್ತದೆ. ಎರಡು ದಿನಕ್ಕೊಮ್ಮೆ ಮಟ್ಟ ನೋಡಿ ನೀರು ತುಂಬಿ. ಡಬ್ಬಕ್ಕೆ ಕೈ ಹಾಕುವ ಮೊದಲು ಪ್ಲಗ್ ಕೀಳಬೇಕು, ಸ್ವಿಚ್ ಆಫ್ ಮಾಡಿದರೆ ಸಾಲದು. ಹಾಗೆಯೇ ಬಿಸಿ ಹೀಟರನ್ನು ನೀರಿನಿಂದ ತಕ್ಷಣ ಎತ್ತಬೇಡಿ, ಹದಿನೈದು ನಿಮಿಷ ಆರಲಿ.

ಮುಚ್ಚಳದ ಬಗ್ಗೆ ಒಂದು ಮಾತು. ಮೂಡಿಗೆರೆ, ಸಕಲೇಶಪುರ ಕಡೆಯವರು ಮಳೆಗಾಲದಲ್ಲೂ ಇದನ್ನೇ ಬಳಸಲು ಹೊರಟರೆ ಮುಚ್ಚಳ ಪೂರ್ತಿ ಮುಚ್ಚಬಾರದು. ಜೂನ್-ಆಗಸ್ಟ್‌ನಲ್ಲಿ ಕೋಣೆಯೇ 20-22 ಡಿಗ್ರಿ, ಗಾಳಿಯೇ ಒದ್ದೆ. ಆಗ ಕೊರತೆ ಕಾವಿನದ್ದಲ್ಲ, ಬೆಳಕಿನದ್ದು. ಮುಚ್ಚಳದೊಳಗೆ ಹನಿ ಕಟ್ಟಿ ತೊಟ್ಟಿಕ್ಕಿದರೆ ಎದ್ದ ಸಸಿಯೆಲ್ಲ ಬುಡ ಕರಗಿ ಬೀಳುತ್ತದೆ.

ಹಾಸನದ_ಅಂಗಳ:

ಒಂದೇ ಟ್ರೇ ಅನ್ನುವುದಾದರೆ ಸಾಮಾನು ಕೊಳ್ಳುವ ಮೊದಲು ಹಾಟ್‌ಬಾಕ್ಸ್ ಉಪಾಯ ನೋಡಿ. ಭತ್ತದ ಬೀಜವನ್ನು ನೆನೆಸಿ ಗೋಣಿಯಲ್ಲಿ ಕಟ್ಟಿ ಹುಲ್ಲು ಮುಚ್ಚಿ ಮೊಳಕೆ ಕಟ್ಟುವುದು ನಮ್ಮ ಕಡೆ ಎಲ್ಲರಿಗೂ ಗೊತ್ತು. ಇದೂ ಅದೇ ಕ್ರಮ.

ಮೆಣಸಿನ ಬೀಜ 12 ಗಂಟೆ ನೆನೆಸಿ. ಒದ್ದೆ ಮಾಡಿ ಹಿಂಡಿದ ಟಿಶ್ಯೂ ಮೇಲೆ ಒಂದಕ್ಕೊಂದು ತಾಗದ ಹಾಗೆ ಹರಡಿ, ಮಡಿಸಿ, ತೆಳು ಪ್ಲಾಸ್ಟಿಕ್ ಕವರಿನೊಳಗೆ ಸಡಿಲವಾಗಿ ಇಡಿ. ಚಪಾತಿ ಇಡುವ ಹಾಟ್‌ಬಾಕ್ಸಿನಲ್ಲಿ ಅರ್ಧ ಲೀಟರಿನ ಬಾಟಲಿಯಲ್ಲಿ 40 ಡಿಗ್ರಿಯ ನೀರು, ಅಂದರೆ ಕೈಗೆ ಹಿತವಾಗಿ ಬಿಸಿ ಅನ್ನಿಸುವಷ್ಟು. ಬಾಟಲಿಗೆ ಟವೆಲ್ ಸುತ್ತಿ ಅದರ ಮೇಲೆ ಕವರ್. ಬೆಳಿಗ್ಗೆ, ಸಂಜೆ ನೀರು ಬದಲಿಸಿ, ಆಗಲೇ ಕವರ್ ಬಿಚ್ಚಿ ಗಾಳಿಯಾಡಿಸಿ. ಬೀಜಕ್ಕೂ ಉಸಿರು ಬೇಕು. ಟೊಮೆಟೊ ಮೂರು-ನಾಲ್ಕು ದಿನಕ್ಕೆ ಬಿಳಿ ತುದಿ ತೋರಿಸುತ್ತದೆ, ಮೆಣಸು ಐದಾರು ದಿನಕ್ಕೆ. ತುದಿ 2-3 ಮಿ.ಮೀ. ಇರುವಾಗಲೇ ಗುಳಿಗೆ ಇಡಬೇಕು.

ಇದರ ದೊಡ್ಡ ಲಾಭ, ಮೊಳೆತದ್ದನ್ನು ಮಾತ್ರ ಇಡುವುದರಿಂದ ಖಾಲಿ ಗುಳಿ ಇರುವುದಿಲ್ಲ. ಪ್ಯಾಕೆಟ್ ಬೀಜದಲ್ಲೂ ಮೆಣಸಿಗೆ ಕನಿಷ್ಠ 60, ಟೊಮೆಟೊಗೆ 70 ಶೇಕಡಾ ಮೊಳಕೆ ಇದ್ದರೆ ಪ್ರಮಾಣೀಕರಣಕ್ಕೆ ಸಾಕು. 98 ಬಿತ್ತಿ 98 ಏಳಲಿಲ್ಲ ಅಂತ ಪೆಟ್ಟಿಗೆಯನ್ನು ಬೈಯಬಾರದು.

ಫ್ರಿಜ್ ಮೇಲಿಡಿ ಅಂತ ಹೇಳುವವರಿದ್ದಾರೆ. ಈಗಿನ ಫ್ರಿಜ್‌ಗಳ ತಲೆ ಬಿಸಿಯಾಗುವುದಿಲ್ಲ, ಎಷ್ಟೋ ಮಾದರಿಗಳಲ್ಲಿ ಕಾವು ಪಕ್ಕದ ಗೋಡೆಯಲ್ಲಿರುತ್ತದೆ.

ಸಸಿಮಡಿ:

ಹಾಸನದ ಅಕ್ಕ ಹೇಳಿದ್ದು ಹತ್ತಿಪ್ಪತ್ತು ಬೀಜಕ್ಕೆ ಸರಿ. ನೂರು ಬೀಜಕ್ಕೆ ಕಷ್ಟ. ಬೇರಿನ ತುದಿ ಮುರಿದರೆ ಆ ಸಸಿ ಏಳುವುದಿಲ್ಲ, ಚಿಮಟದಲ್ಲಿ ಬೀಜದ ಮೈ ಹಿಡಿಯಬೇಕು, ಬೇರನ್ನು ಮುಟ್ಟಬಾರದು. ಇಟ್ಟ ಮೇಲೂ ಗುಳಿ 16 ಡಿಗ್ರಿಯಲ್ಲಿದ್ದರೆ ಮೊಳಕೆ ಮೇಲೆ ಬರಲು ಮತ್ತೆ ವಾರ ಹಿಡಿಯುತ್ತದೆ. ಜೀರಿಗೆ ಮೆಣಸಿಗೆ ಮಾತ್ರ ನಾನೂ ಇದನ್ನೇ ಹೇಳುತ್ತೇನೆ, ಅದು ಒಂದೊಂದಾಗಿ ಮೊಳೆಯುವುದರಿಂದ ಮೊಳೆತದ್ದನ್ನು ಆರಿಸಿ ಇಡುವುದೇ ಲೇಸು.

ಈಗ ಬಿತ್ತಿದ ಮೇಲಿನ ವಿಷಯ. ಪ್ರೊಪಗೇಟರ್ ಕೊಂಡವರ ಸಸಿ ಸಾಯುವುದು ಹೆಚ್ಚಾಗಿ ಇಲ್ಲಿಯೇ.

ಒಂದು 98 ಗುಳಿಯ ಟ್ರೇಗೆ ಸುಮಾರು 1.2 ಕೆಜಿ ಹದವಾದ ಕೊಕೊಪೀಟ್ ಬೇಕು. ಮುಷ್ಟಿಯಲ್ಲಿ ಹಿಂಡಿದರೆ ಎರಡು-ಮೂರು ಹನಿ ಬರಬೇಕು, ಧಾರೆ ಬರಬಾರದು. ತೊಳೆಯದ ಕೊಕೊಪೀಟ್ ಇಟ್ಟಿಗೆಯಲ್ಲಿ ಉಪ್ಪಿನಂಶ ಇರುತ್ತದೆ, ಎರಡು-ಮೂರು ನೀರಿನಲ್ಲಿ ತೊಳೆಯಿರಿ. ತೋಟದ ಮಣ್ಣು ಸೇರಿಸಬೇಡಿ. ಹಸಿ ಗೊಬ್ಬರವೂ ಬೇಡ, 28 ಡಿಗ್ರಿಯಲ್ಲಿ ಬೀಜದ ಜೊತೆ ಶಿಲೀಂಧ್ರವೂ ಚೆನ್ನಾಗಿ ಬೆಳೆಯುತ್ತದೆ. ಟ್ರೇ ತುಂಬಿ, ಮ್ಯಾಟ್ ಹಾಕಿ, ಮೂರು-ನಾಲ್ಕು ಗಂಟೆ ಬಿಟ್ಟು ಕಾವು ನಿಂತ ಮೇಲೆ ಬಿತ್ತಿ. ಆಳ ಅರ್ಧ ಸೆಂ.ಮೀ. ಸಾಕು.

ಅಡಿ ಕಾವಿನಲ್ಲಿ ಗುಳಿಯ ತಳ ಮೊದಲು ಒಣಗುತ್ತದೆ. ಮೇಲ್ಮೈ ಹಸಿಯಾಗಿ ಕಾಣುತ್ತಿರುತ್ತದೆ. ಅದಕ್ಕೆ ಟ್ರೇ ಎತ್ತಿ ಭಾರ ನೋಡಬೇಕು. ಹಗುರವೆನಿಸಿದರೆ ಅಡಿ ಟ್ರೇಗೆ ಉಗುರುಬೆಚ್ಚನೆ ನೀರು ಹಾಕಿ, ಇಪ್ಪತ್ತು ನಿಮಿಷದ ಮೇಲೆ ಉಳಿದದ್ದನ್ನು ಚೆಲ್ಲಿ. ಮುಂಜಾನೆಯ ಟ್ಯಾಂಕ್ ನೀರು ನೇರ ಹಾಕಿದರೆ ರಾತ್ರಿಯಿಡೀ ಕೊಟ್ಟ ಕಾವು ನಿಮಿಷದಲ್ಲಿ ಹೋಗುತ್ತದೆ.

ಅರ್ಧದಷ್ಟು ಬೀಜ ಕೊಕ್ಕೆಯಂತೆ ಬಾಗಿದ ಕುತ್ತಿಗೆ ತೋರಿಸಿದ ದಿನವೇ ಆ ತುಂಡನ್ನು ಮ್ಯಾಟಿನಿಂದ ಇಳಿಸಿ, ಮುಚ್ಚಳ ತೆಗೆಯಿರಿ. ಉಳಿದರ್ಧ ಏಳಲಿ ಅಂತ ಕಾಯಬೇಡಿ. ಬೆಚ್ಚಗೆ, ಮಬ್ಬಿನಲ್ಲಿ ಎರಡು ದಿನ ಬಿಟ್ಟರೆ ಸಸಿ ನೂಲಿನ ಹಾಗೆ ಐದಾರು ಸೆಂ.ಮೀ. ಎಳೆಯುತ್ತದೆ, ಆಮೇಲೆ ಎಷ್ಟು ಬೆಳಕು ಕೊಟ್ಟರೂ ಆ ಕಾಂಡ ಗಿಡ್ಡವಾಗುವುದಿಲ್ಲ. ಎದ್ದ ಟೊಮೆಟೊಗೆ ರಾತ್ರಿ 16 ಡಿಗ್ರಿ ತೊಂದರೆಯಲ್ಲ, ಕಾಂಡ ದಪ್ಪವಾಗುತ್ತದೆ. ದಪ್ಪ ಮೆಣಸಿಗೆ 18ರ ಮೇಲಿದ್ದರೆ ಚೆನ್ನ, ಅದಕ್ಕೆ ರಾತ್ರಿ ಮಾತ್ರ ಮ್ಯಾಟನ್ನು 20ಕ್ಕೆ ಇಳಿಸಿ ಇಟ್ಟುಕೊಳ್ಳಬಹುದು. ಪೂರ್ವದ ಕಿಟಕಿಯಲ್ಲಿ ಬಿಸಿಲು ಮೂರು ಗಂಟೆಯಷ್ಟೇ ಸಿಗುವುದಾದರೆ 20 ವ್ಯಾಟಿನ ಬಿಳಿ ಎಲ್‌ಇಡಿ ಟ್ಯೂಬ್ ಎರಡು, ಎಲೆಯಿಂದ 10-15 ಸೆಂ.ಮೀ. ಮೇಲೆ, ದಿನಕ್ಕೆ 14 ಗಂಟೆ.

ಬಿಸಿಲು ಬೀಳುವ ಹೊತ್ತಿನಲ್ಲಿ ಮುಚ್ಚಳ ಹಾಕಿಡುವುದು ಅತಿ ಅಪಾಯದ ತಪ್ಪು. ಥರ್ಮೋಸ್ಟ್ಯಾಟ್ ಬಿಸಿ ನಿಲ್ಲಿಸಬಲ್ಲದು, ತಣ್ಣಗೆ ಮಾಡಲಾರದು. ನಮ್ಮ ಜನವರಿ ಬಿಸಿಲಿಗೂ ಮುಚ್ಚಿದ ಪ್ಲಾಸ್ಟಿಕ್ಕಿನೊಳಗೆ 40 ದಾಟಲು ಹೆಚ್ಚು ಹೊತ್ತು ಬೇಡ.

ಸಸಿ ಸಾಯುವ ರೋಗ ಬಂದರೆ ಬುಡ ನೀರುನೀರಾಗಿ, ಕಂದಾಗಿ, ಸೊರಗಿ ಸಸಿ ಮಗುಚಿ ಬೀಳುತ್ತದೆ. ಪಿಥಿಯಂ, ರೈಜೋಕ್ಟೋನಿಯಾ ಎಂಬ ರೋಗಾಣುಗಳ ಕೆಲಸ. ಬಿದ್ದದ್ದು ಉಳಿಯುವುದಿಲ್ಲ, ಅಕ್ಕಪಕ್ಕದ ಗುಳಿಗಳನ್ನೂ ಸೇರಿಸಿ ತೆಗೆದುಹಾಕಿ. ಉಳಿದದ್ದಕ್ಕೆ ನೀರು ನಿಲ್ಲಿಸಿ, ಸಣ್ಣ ಫ್ಯಾನ್ ಹಾಕಿ, ಲೀಟರ್ ನೀರಿಗೆ 3 ಗ್ರಾಂ ಕಾಪರ್ ಆಕ್ಸಿಕ್ಲೋರೈಡ್ (ಶಿಲೀಂಧ್ರನಾಶಕ) ಕರಗಿಸಿ ಬುಡಕ್ಕೆ ಸುರಿಯಿರಿ. ರೋಗ ಬರುವ ಮೊದಲೇ ಬೀಜಕ್ಕೆ ಟ್ರೈಕೋಡರ್ಮಾ ಎಂಬ ಉಪಕಾರಿ ಶಿಲೀಂಧ್ರ ಲೇಪಿಸಿದರೆ (ಕೆಜಿ ಬೀಜಕ್ಕೆ 4 ಗ್ರಾಂ ಲೆಕ್ಕ, ನಿಮ್ಮ ಪ್ಯಾಕೆಟಿಗೆ ಒಂದು ಚಿಟಿಕೆ) ಈ ಪೇಚಾಟ ಕಡಿಮೆ. ಬಣ್ಣ ಹಚ್ಚಿದ ಬೀಜಕ್ಕೆ ಈಗಾಗಲೇ ಔಷಧಿ ಹಾಕಿರುತ್ತಾರೆ, ಅದರ ಮೇಲೆ ಟ್ರೈಕೋಡರ್ಮಾ ಲೇಪಿಸಬೇಡಿ. ಆ ಔಷಧಿಯೇ ಟ್ರೈಕೋಡರ್ಮಾವನ್ನು ಕೊಲ್ಲಬಹುದು.

ಕೈತೋಟ_ಚಿಕ್ಕಮಗಳೂರು:

ನೀರಿನ ಡಬ್ಬವನ್ನೇ ಮಾಡುತ್ತೇನೆ, ಸಾಮಾನೆಲ್ಲ ಇಲ್ಲೇ ಸಿಗುವಂಥದ್ದು. ಜೀರಿಗೆ ಮೆಣಸು ಅಕ್ಕ ಹೇಳಿದ ಹಾಗೆ ಹಾಟ್‌ಬಾಕ್ಸಿನಲ್ಲಿ. ಪೆಟೂನಿಯಾ ಒಂದು ಉಳಿಯಿತು. ಅದನ್ನೂ 28ಕ್ಕೇ ಇಡಬಹುದೇ?

ಮೂಡಿಗೆರೆ_ಹಿತ್ತಲು:

ಬೇಡ, ಅದಕ್ಕೆ 22-25 ಸಾಕು. ಅದರ ತುಂಡನ್ನು ಹೀಟರಿನಿಂದ ದೂರದ ತುದಿಯಲ್ಲಿ, ಅಡಿಗೆ ಒಂದು ಥರ್ಮೋಕೋಲ್ ಚೂರು ಕೊಟ್ಟು ಎತ್ತರಿಸಿ ಇಡಿ. ಪೆಟೂನಿಯಾ ಬೀಜ ಗ್ರಾಮಿಗೆ ಹತ್ತು ಸಾವಿರದಷ್ಟು ಬರುವ ಧೂಳಿನಂಥದ್ದು, ಮೊಳೆಯಲು ಬೆಳಕೂ ಬೇಕು. ಅದಕ್ಕೆ ಮೇಲೆ ಏನೂ ಮುಚ್ಚಬೇಡಿ, ಒದ್ದೆ ಕೊಕೊಪೀಟ್ ಮೇಲೆ ಉದುರಿಸಿ ಬಿಡಿ. ನೀರು ಅಡಿಯಿಂದ ಮಾತ್ರ, ಮೇಲಿಂದ ಹಾಕಿದರೆ ಎಲ್ಲ ಒಂದು ಮೂಲೆಗೆ ಕೊಚ್ಚಿಹೋಗುತ್ತದೆ. ಗುಳಿಗಳ ಮೇಲೆ ಪಾರದರ್ಶಕ ಹಾಳೆ, ಒಂದು ಬದಿ ಬೆರಳಷ್ಟು ತೆರೆದಿರಲಿ. 7-10 ದಿನದಲ್ಲಿ ಹಸಿರು ಚುಕ್ಕಿ ಕಾಣುತ್ತದೆ, ಕಂಡ ಮೇಲೆ ಡಬ್ಬದಿಂದ ಇಳಿಸಿ. ಉಂಡೆ ಕಟ್ಟಿದ ಪೆಲೆಟ್ ಬೀಜವಾದರೆ ಇಟ್ಟ ಕೂಡಲೇ ನುಣುಪಾದ ಸ್ಪ್ರೇಯಲ್ಲಿ ಒಂದು ಸಲ ಮೇಲಿಂದಲೂ ಒದ್ದೆ ಮಾಡಿ. ಆ ಕವಚ ಪೂರ್ತಿ ಕರಗಿ ಹರಡಬೇಕು, ಅರೆಬರೆ ನೆನೆದು ಒಣಗಿದರೆ ಗಟ್ಟಿಯಾಗಿ ಮೊಳಕೆಯನ್ನು ಒಳಗೇ ಹಿಡಿದುಬಿಡುತ್ತದೆ.